ಗಸಗಸೆಗಿಂತ ಸಣ್ಣದು

ಇರಿಡಿಯಂ ತುಣುಕು ಎಷ್ಟಿರುತ್ತದೆಂದರೆ
ಗಸಗಸೆಯ ಪಕ್ಕ ಇಟ್ಟರೆ ಗಸಗಸೆಯೇ ಗಟ್ಟಿಗ.
ಕಾನಿ ಊರಿನ ಈ ಕಾರ್ಖಾನೆಯಲ್ಲಿ
ಹೊಸಬರಿಗೆ ಮೊದಲು ಕಲಿಸುವುದು
ಉಸಿರು ಹಿಡಿಯುವುದನ್ನು.

ಓತಾವಿಯೋ ಮಿಯಾಶಿರೊ ಹನ್ನೊಂದು ವರ್ಷ ಹಿಡಿದವನು.
ಮುತ್ತಜ್ಜ ಹಡಗು ಹತ್ತಿ ಬ್ರೆಜಿಲಿಗೆ ಹೋದ,
ಮರಿಮಗ ವಿಮಾನದಲ್ಲಿ ಹಿಂದಿರುಗಿದ;
ಅದನ್ನು ಬೆಸುಗೆಗೆ ಹೋಲಿಸಿದವರಿಗೆ
ಅವನು ಟೀ ಕೊಡಿಸುವುದಿಲ್ಲ.

ನಿಕಲ್ ಕಡ್ಡಿಯ ನೆತ್ತಿಯ ಮೇಲೆ ತುಣುಕು ನಿಲ್ಲುತ್ತದೆ,
ಆರ್ಗಾನ್ ಸುಯ್ಯನೆ ಸುತ್ತುವರಿಯುತ್ತದೆ,
ಕಡ್ಡಿ ತಿರುಗುತ್ತದೆ, ಲೇಸರ್ ಕುಟ್ಟುತ್ತದೆ
ಸುತ್ತಲೂ ಎಂಟು ಪೆಟ್ಟು,
ಸಪ್ತಪದಿಗಿಂತ ಒಂದು ಹೆಚ್ಚು.

ನಿಕಲ್ಲಿಗೆ ಬೇಗ ಕರಗುವ ಸ್ವಭಾವ.
ಇರಿಡಿಯಂ ಜಪ್ಪಯ್ಯ ಅಂದರೂ ಜಗ್ಗದು;
ಅದು ಮನಸ್ಸು ಮಾಡಿ ಮೆತ್ತಗಾಗುವ ಹೊತ್ತಿಗೆ
ಇದು ಕುದಿಯುವ ಅಂಚಿಗೆ ಬಂದಿರುತ್ತದೆ.
ನಡುವೆ ಒಂದು ಹದ ಇದೆ. ಪುಸ್ತಕದಲ್ಲಿಲ್ಲ.
ತಿರುಗುಗುಂಡಿಯ ಅಂಚಿಗೆ ಅವನೇ ಪೆನ್ನಿನಲ್ಲಿ ಗೀಚಿದ ಗೆರೆ.

ಗೋಡೆಯಾಚೆ ಕುವಬಾರ ಶಿಜುಎ.
ಸಾವಿರಕ್ಕೆ ಐದನ್ನು ಆರಿಸಿ, ಅಂಟಿನಲ್ಲಿ ಹುಗಿದು,
ಉದ್ದಕ್ಕೆ ಅರೆದು, ಆಸಿಡ್ ಸವರಿ
ಸೂಕ್ಷ್ಮದರ್ಶಕದಡಿ ಇಡುತ್ತಾಳೆ.
ಎರಡು ಲೋಹ ಬೆರೆತ ಕಡೆ ಸುಳಿ,
ಹಾಲಿಗೆ ಡಿಕಾಕ್ಷನ್ ಬಿಟ್ಟ ಮೊದಲ ಗಳಿಗೆಯ ಹಾಗೆ.
ಚೆನ್ನಾಗಿದೆ ಎಂದು ಅವಳು ಬರೆದದ್ದೆಲ್ಲ ಕೊಯ್ದದ್ದೇ.
ಇಡಿಯಾಗಿ ಉಳಿದವುಗಳ ಒಳಗನ್ನು
ಯಾರೂ ನೋಡಿಲ್ಲ.

ಇವತ್ತು ಮೂರನೆಯದರಲ್ಲಿ ಬಿರುಕು.
ಅದರ ಮುಂದೆ ಕೂದಲೂ ಹಗ್ಗ.
ಅವನನ್ನು ಕರೆದಳು. ಸರದಿಯಂತೆ ಕಣ್ಣಿಟ್ಟರು.
“ಸಿಲಿಂಡರ್ ಬದಲಿಸಿದ ಹೊತ್ತು,” ಅಂದ.
ಅವಳು ಏನೂ ಅನ್ನಲಿಲ್ಲ.
ಆರು ಸಾವಿರ ಪ್ಲಗ್ಗುಗಳ ಮೇಲೆ ಕೆಂಪು ಚೀಟಿ ಬಿತ್ತು.

ಅಂಥವು ಕುಲುಮೆಗೆ ಹೋಗುತ್ತವೆ.
ನೆಲ ಗುಡಿಸಿದ ಧೂಳೂ, ಬೂಟು ಒರೆಸಿದ ಚಾಪೆಯೂ.
ಅಕ್ಕನ ಚಿನ್ನವನ್ನೂ ಬಿಡದ ಅಕ್ಕಸಾಲಿಯಂತೆ
ಕಂಪನಿ ಎಲ್ಲ ಸುಟ್ಟು ಗುಲಗಂಜಿ ತೂಕ ಹುಡುಕುತ್ತದೆ.
ಬಿರುಕು ಮಾತ್ರ ಯಾವ ತಕ್ಕಡಿಗೂ ಬರುವುದಿಲ್ಲ.

ಇಷ್ಟೆಲ್ಲ ಅಂಟಿಸಿ ಕೊನೆಯ ಮೇಜಿನಲ್ಲಿ ಮಾಡುವುದೇನು?
ಎದುರಿನ ಕೊಕ್ಕೆ ಬಗ್ಗಿಸಿ, ಅಳತೆಪಟ್ಟಿ ತೂರಿಸಿ
ಒಂದು ಅಂತರ ಬಿಡುವುದು.
ಮುಟ್ಟಿಕೊಂಡರೆ ಕಿಡಿಯಿಲ್ಲ.

ಬೆಳಗಿನ ಆರು. ದೂರದ ಒಂತಾಕೆ ಬೆಟ್ಟಕ್ಕೆ ಹಿಮ.
ಶಿಜುಎಯ ಪುಟ್ಟ ಲಾರಿ, ಅವಳ ಅಪ್ಪ
ಮೂಲಂಗಿ ಸಾಗಿಸುತ್ತಿದ್ದದ್ದು,
ಕೆಮ್ಮಿತು, ಕೆಮ್ಮಿ ಸುಮ್ಮನಾಯಿತು.
ಓತಾವಿಯೋ ಸೀಟು ಎತ್ತಿ ಪ್ಲಗ್ ಬಿಚ್ಚಿದ:
ಮಸಿ ಹಿಡಿದು, ತುದಿ ಸವೆದು, ಬರೀ ನಿಕಲ್ಲಿನದು.
“ನಿನಗೂ ಇದೇನಾ?”
“ಅಗ್ಗ,” ಅಂದಳು.
ಅಂಗಿಯ ತುದಿಯಿಂದ ಒರೆಸಿದ,
ನಾಣ್ಯ ಒತ್ತಿ ಕೊಕ್ಕೆ ಒಂಚೂರು ಬಗ್ಗಿಸಿದ,
ಆಮೇಲೆ ಬಾಯಿ ತುಂಬ ಊದಿದ
ರಾತ್ರಿಯಿಡೀ ಒಳಗೆ
ಊದಬಾರದೆಂದು ಹಿಡಿದಿಟ್ಟದ್ದನ್ನೆಲ್ಲ.