ಹಿತ್ತಲಿನ ರೂಟು

ಮೊದಲು ಬಂದದ್ದು ಗಾಜನೂರಿನ ದಾಸವಾಳದ ಕಡ್ಡಿ.
ಒದ್ದೆ ಪೇಪರಿನಲ್ಲಿ ಸುತ್ತಿಸಿಕೊಂಡು, ಕಂಡಕ್ಟರ್ ಚೀಲದಲ್ಲಿ
ಚಿಲ್ಲರೆಯ ಜೊತೆ ಕೂತು ಬಂದಿತ್ತು.
‘ಎರಡು ರೂಪಾಯಿ ಕಮ್ಮಿ ಇತ್ತು ಅಜ್ಜಿ ಹತ್ರ,
ಅದಕ್ಕೆ ಇದನ್ನ ಕೊಟ್ಲು’ ಅಂದರು ಇವರು,
ಡಿಪೋದಲ್ಲಿ ಲೆಕ್ಕ ಒಪ್ಪಿಸುವ ದನಿಯಲ್ಲಿ.

ಆಮೇಲೆ ಮಂಡಗದ್ದೆಯ ಕೆಸು.
ಮಾಳೂರಿನಿಂದ ಶುಂಠಿಯ ಮೊಳಕೆ.
ತೀರ್ಥಹಳ್ಳಿ ಸ್ಟ್ಯಾಂಡಿನ ಹಿಂದಿನ ಬೇಲಿಯಿಂದ
ಯಾರೂ ಕೊಡದೆಯೇ ಬಂದ ಬಸಳೆ.
ಕದ್ದ ಬಳ್ಳಿ ಬೇಗ ಹಬ್ಬುತ್ತದಂತೆ; ಹಬ್ಬಿದೆ,
ಪಕ್ಕದ ಮನೆಯ ಡಿಶ್ಶಿನ ಕೊಡೆಯವರೆಗೂ.

ಗೋಪಾಳದಲ್ಲಿ ಬಾಡಿಗೆ ಮನೆ ನಮ್ಮದು. ಹಿತ್ತಲೆಂದರೆ
ಸಂಪಿನ ಮುಚ್ಚಳದಿಂದ ಕಾಂಪೌಂಡಿಗೆ ಹನ್ನೊಂದು ಹೆಜ್ಜೆ.
ಇವರು ದಿನಕ್ಕೆ ನಾಲ್ಕು ಟ್ರಿಪ್ ಹೊಡೆಯುವ ದಾರಿಯನ್ನು
ನಾನು ಬೆಳಿಗ್ಗೆ ಚೊಂಬು ಹಿಡಿದು ಮುಗಿಸುತ್ತೇನೆ:
ಗಾಜನೂರಿಗೆ ಎರಡು ಚೊಂಬು,
ಮಂಡಗದ್ದೆಗೆ ಮೂರು, ಅದಕ್ಕೆ ಬಾಯಾರಿಕೆ ಜಾಸ್ತಿ,
ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ
ಒಳಗೆ ಹಾಲು ಉಕ್ಕಿರುತ್ತದೆ.

ನನ್ನದು ಮುಂದಿನ ಕೋಣೆಯ ಮೆಷಿನ್ನು.
ಫಾಲು, ಜಿಗ್‌ಜಾಗು, ಬ್ಲೌಸು, ಸ್ಕೂಲ್ ಯೂನಿಫಾರ್ಮಿನ ಹರಿದ ಕಿಸೆ.
ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ
ಗೂಟದ ತುಂಬ ಇಪ್ಪತ್ತಾರು ಬ್ಲೌಸು,
ಒಂದಕ್ಕೂ ಹುಕ್ಕಿಲ್ಲ, ನನಗೆ ಕಣ್ಣು ಮಂಜು.
ರಾತ್ರಿ ಊಟವಾಗಿ, ಕದ ಹಾಕಿ, ಪರದೆ ಎಳೆದು
ಇವರು ಚಾಪೆ ಮೇಲೆ ಕೂತರು.
ಸೂಜಿಗೆ ದಾರ ಪೋಣಿಸಿ, ನಾಲಗೆ ತುಸು ಹೊರಗೆ,
ಒಂದೊಂದು ಹುಕ್ಕಿಗೂ ಏಳು ಸುತ್ತು, ಗಂಟು.
ಯಾವಾಗ ಕಲಿತರೋ!
‘ಖಾಕಿ ಗುಂಡಿ ಹಾಕ್ಕೊಂಡು ಹಾಕ್ಕೊಂಡು’ ಅಂದರು,
‘ರಶ್ಶಲ್ಲಿ ವಾರಕ್ಕೊಂದು ಕಿತ್ತು ಹೋಗುತ್ತಲ್ಲ.’
‘ಹೊರಗೆ ಗೊತ್ತಾದರೆ?’ ಎಂದೆ.
‘ಟಿಕೆಟ್ ಹರಿದಾಗಿದೆ. ಇಳಿಯೋ ತನಕ ಕೀಳಲ್ಲ.’

ಹಬ್ಬ ಕಳೆದ ವಾರ, ಬಸ್ಸಿನಲ್ಲಿ ಸುಗುಣಾ ಟೀಚರ್ರು
‘ನಿಮ್ಮನೆಯವರ ಕೈ ಗಟ್ಟಿ ಫಾಲಾಕ್ಷಪ್ಪ,
ಒಂದು ಹುಕ್ಕೂ ಅಲ್ಲಾಡಿಲ್ಲ’ ಅಂದರಂತೆ.
‘ಹೌದು ಮೇಡಂ, ಅವಳು ಹಂಗೇ’ ಅಂದು
ಮುಂದಿನ ಸೀಟಿಗೆ ಹೋದರಂತೆ ಇವರು.
ಮನೆಗೆ ಬಂದು ಮಾತ್ರ ಎರಡನೇ ಲೋಟ ಕಾಫಿ ಕೇಳಿದರು,
ಕಾಲ ಮೇಲೆ ಕಾಲು ಹಾಕಿ.

ಜಗಳವೂ ಆಗುತ್ತದೆ.
ಕಳೆದ ತಿಂಗಳು ನಾನು ಕಳೆ ಅಂತ ಕಿತ್ತದ್ದು
ಮಾಳೂರಿನ ಶುಂಠಿಯಾಗಿತ್ತು.
ಎರಡು ದಿನ ಮಾತಿಲ್ಲ. ಉಪ್ಪು ಬೇಕಾದರೆ
ಉಪ್ಪಿನ ಡಬ್ಬಿಯನ್ನೇ ದಿಟ್ಟಿಸುತ್ತಿದ್ದರು.
ಮೂರನೇ ಸಂಜೆ ಮೋಡ ಕಟ್ಟಿತು. ಓಡಿ ಹೋಗಿ
ತಂತಿಯಿಂದ ದೊಡ್ಡ ಹೊದಿಕೆ ಎಳೆದೆ;
ಒಬ್ಬಳೇ ಮಡಿಸಿದರೆ ಅದರ ಮೂಲೆ ಮಣ್ಣಿಗೆ.
ನೋಡಿದರೆ ಆ ತುದಿ ಎತ್ತಿಕೊಂಡು ಇವರು ನಿಂತಿದ್ದಾರೆ,
ಮುಖ ಬಸಳೆಯ ಕಡೆ.
ಜಾಡಿಸಿದೆವು. ಎಳೆದೆವು.
ನಾನು ಬೇಕಂತಲೇ ತುಸು ಜಾಸ್ತಿ ಎಳೆದೆ.
ಮಡಿಸುವಾಗ ಒಂದೊಂದೇ ಹೆಜ್ಜೆ ಮುಂದೆ ಬರಲೇಬೇಕು,
ಹೊದಿಕೆಗೆ ಬೇರೆ ದಾರಿ ಗೊತ್ತಿಲ್ಲ.
ತಮ್ಮ ತುದಿಯನ್ನು ನನ್ನ ಕೈಗೆ ಕೊಡುವಾಗ
‘ಚಿಲ್ಲರೆ ಇದ್ಯಾ?’ ಅಂದರು.

ಮೊನ್ನೆ ಮೇಗರವಳ್ಳಿಯಿಂದ ಏನೋ ಬಂದಿದೆ.
ಮೂರು ಎಲೆ. ಹೆಸರು ಇವರಿಗೂ ಗೊತ್ತಿಲ್ಲ.
‘ಅದು ನಿಮ್ಮ ರೂಟಲ್ಲವಲ್ಲ’ ಎಂದೆ.
‘ಆಗುಂಬೆ ಬಸ್ಸಿನ ಡ್ರೈವರ್ ಕೊಟ್ಟ.’
ಹೂ ಬಿಡುತ್ತದೋ, ಸಾರಿಗಾಗುತ್ತದೋ, ನೋಡಬೇಕು.
ಹಿಡಿ ಮುರಿದ ಕುಕ್ಕರಿನ ತಳಕ್ಕೆ ಇವರು ಮೊಳೆ ಹೊಡೆದರು,
ನಾನು ಮಣ್ಣು ತುಂಬಿದೆ,
ತೀರ್ಥಹಳ್ಳಿ ದಾಟಿ, ಕಾಂಪೌಂಡಿನ ಮೇಲೇ ಇಟ್ಟೆವು.
ನಾಳೆಯಿಂದ ಇನ್ನೊಂದು ಚೊಂಬು.
ಹಾಲನ್ನು ಸಣ್ಣ ಉರಿಯಲ್ಲಿಡಬೇಕು.