ಬೆಕ್ಕಿನ ಬಾಬ್ತು

ಹೊಸನಗರದ ತಾಲೂಕು ಕಚೇರಿಯ ದಫ್ತರಖಾನೆಯಲ್ಲಿ
ಇಲಿ ಹಿಡಿಯುವ ಸಲುವಾಗಿ ಬೆಕ್ಕು, ಒಂದು.
ಅದರ ಹಾಲಿಗೆ ತಿಂಗಳಿಗೆ ನಾಲ್ಕೂವರೆ ರೂಪಾಯಿ.
ಯಾವ ಕಾಲದ ಆದೇಶವೋ, ಮಸಿ ಕಂದಿದೆ,
ಸಹಿ ಮಾಡಿದವರ ಹೆಸರನ್ನು
ಗೆದ್ದಲು ಓದಿ ಮುಗಿಸಿದೆ.

ನಾಲ್ಕೂವರೆಗೆ ಈಗ ಲೋಟದ ತಳ ಒದ್ದೆಯಾಗುತ್ತದೆ, ಅಷ್ಟೆ.
ಉಳಿದದ್ದು ನನ್ನ ಜೇಬಿನಿಂದ. ಹೇಳಿಕೊಳ್ಳುವಂಥದ್ದಲ್ಲ,
ಬೀಡಿ ಬಿಟ್ಟ ಮೇಲೆ ಮಿಕ್ಕಿದ ಕಾಸು.
ಕಂದು ಬೆಕ್ಕು, ಎಡಗಿವಿ ಹರಿದಿದೆ.
ಶಾನುಭೋಗ ಅಂತ ಕರೆಯುತ್ತೇವೆ,
ಎಲ್ಲ ಹಳ್ಳಿಯ ಕಟ್ಟಿನ ಮೇಲೂ ಕೂತು ಎದ್ದಿದೆಯಲ್ಲ, ಅದಕ್ಕೆ.

ಮೊನ್ನೆ ಲೆಕ್ಕ ತಪಾಸಣೆಗೆ ಬಂದರು.
ಮೂರು ಜನ, ಒಂದು ಜೀಪು, ಐದು ದಿನ ಪ್ರವಾಸಿ ಮಂದಿರ,
ಮಧ್ಯಾಹ್ನ ಮೀನಿನೂಟ, ಶನಿವಾರ ಒಬ್ಬರಿಗೆ ಬೇಡ.
ಆಕ್ಷೇಪಣೆ ಸಂಖ್ಯೆ ಹದಿನೇಳು:
‘ಸದರಿ ಬೆಕ್ಕು ಕಾರ್ಯನಿರತವಾಗಿದೆ ಎಂಬುದಕ್ಕೆ ದಾಖಲೆ ಇರುವುದಿಲ್ಲ.
ಹಿಡಿದ ಇಲಿಗಳ ವಹಿ ನಿರ್ವಹಿಸಿರುವುದಿಲ್ಲ.
ಮೊತ್ತವನ್ನು ಸಂಬಂಧಪಟ್ಟವರಿಂದ ವಸೂಲು ಮಾಡತಕ್ಕದ್ದು.’

ಸಂಬಂಧಪಟ್ಟವನು ನಾನು.
ಬೆಕ್ಕಂತೂ ಸಹಿ ಹಾಕಲಿಲ್ಲ.

ಕ್ಯಾಂಟೀನಿನಲ್ಲಿ ವಾದ ಎದ್ದಿತು.
ಸರ್ವೆಯ ಇಮಾಮ್ ಸಾಬರು ಟೀ ಆರಿಸುತ್ತ ಅಂದರು:
‘ಅಲ್ಲ ಮಾರಾಯ್ರೆ, ಹೊಸ ಕಟ್ಟಡದ ಲಿಫ್ಟು
ಉದ್ಘಾಟನೆಯ ದಿನ ಒಂದು ಸಲ ಮೇಲೆ ಹೋದದ್ದು
ಇನ್ನೂ ಕೆಳಗೆ ಬಂದಿಲ್ಲ. ಅದಕ್ಕೆಲ್ಲಿದೆ ಆಕ್ಷೇಪಣೆ?’
‘ಅದರ ಕಡತ ಸರಿ ಇದೆ’ ಅಂದಳು ಸುಗುಣಾ,
‘ಮೂರು ಕೊಟೇಷನ್ನು, ಎರಡು ಫೋಟೊ,
ಕಾಮಗಾರಿ ಮುಗಿದ ಪ್ರಮಾಣಪತ್ರ.
ಕಡತ ಓಡಿದರಾಯ್ತು. ಲಿಫ್ಟು ಯಾಕೆ ಓಡಬೇಕು?’
ಶಿರಸ್ತೇದಾರರು ಬನ್ಸ್ ಮುರಿಯುತ್ತ ನಗಲಿಲ್ಲ:
‘ನಾಲ್ಕೂವರೆ ರೂಪಾಯಿ ಕೇಳದವನು
ನಾಲ್ಕೂವರೆ ಕೋಟಿ ಕೇಳ್ತಾನಾ?
ಕೇಳುವ ಅಭ್ಯಾಸ ತಪ್ಪಬಾರದು ಕಣ್ರೀ.’
ನನಗೂ ಅದು ಸರಿಯೆನಿಸಿತು.
ಅದೇ ಬೇಜಾರು.

ಗುರುವಾರ ನಿಟ್ಟೂರು ಕಡೆಯಿಂದ ಬಂಗಾರಿ ಬಂದಳು.
ಎರಡು ಬಸ್ಸು, ನಾಲ್ಕನೇ ಸಲ.
ಅಜ್ಜನ ಕಾಲದ ಮಂಜೂರಾತಿಯ ನಕಲು ಬೇಕು.
ಕಟ್ಟು ಬಿಚ್ಚಿದೆ. ಹಾಳೆ ಇತ್ತು.
ಅಂಚಿನಿಂದ ನಡುವಿನವರೆಗೆ ಇಲಿಹಲ್ಲಿನ ಕಸೂತಿ.
ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ ಉಳಿದಿದೆ,
ಪಶ್ಚಿಮಕ್ಕೆ ಏನೂ ಇಲ್ಲ.
ತಿಂದದ್ದು ಯಾವ ವರ್ಷವೋ,
ಬಹುಶಃ ಎರಡು ಬೆಕ್ಕುಗಳ ನಡುವೆ
ಹುದ್ದೆ ಖಾಲಿ ಬಿದ್ದಿದ್ದಾಗ.

‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಕೊಡಬೇಕು.
ಅಚ್ಚು ಹಾಳೆ ಸಿದ್ಧವಿದೆ, ಐನೂರು ಪ್ರತಿ,
ಅದೊಂದಕ್ಕೆ ಈ ಕಚೇರಿಯಲ್ಲಿ ಕೊರತೆ ಬಂದದ್ದಿಲ್ಲ.
‘ಅದೆ ಅಲ್ದಾ? ಇಲ್ಲ ಅಂತ ಯಾಕೆ ಬರೀತೀರಿ?’
ಅಂದವಳು ತೂತಿನೊಳಗೆ ಬೆರಳು ತೂರಿಸಿ ನೋಡಿದಳು,
‘ನಮ್ಮ ಗದ್ದೆ ಇಲ್ಲಾ ಇದ್ದದ್ದು?’

ನಾನು ಸುಮ್ಮನೆ ಗೆರೆ ಎಳೆಯುತ್ತಿದ್ದೆ.
ಅನುಪಾಲನಾ ವರದಿಗೆಂದು ಹೊಸ ವಹಿ,
ಬೆಲೆ ಅರವತ್ತು ರೂಪಾಯಿ, ಹದಿಮೂರು ತಿಂಗಳ ಹಾಲು.
ತಾರೀಖು, ವೇಳೆ, ಇಲಿಯ ಅಳತೆ, ಸಾಕ್ಷಿ.
ಆಗ ಅಲಮಾರಿನ ಹಿಂದೆ ಸದ್ದಾಯಿತು, ಒಂದೇ ಒಂದು ಕೀಚು,
ಶಾನುಭೋಗ ಬಾಯಲ್ಲಿ ಬಾಲ ನೇತಾಡಿಸಿಕೊಂಡು
ಜಮಾಬಂದಿಯ ಕಟ್ಟು ಇಳಿದು ಬಂದ.

ಸುಗುಣಾ ಊಟಕ್ಕೆ ಹೋಗಿದ್ದಳು, ಸಾಹೇಬರು ಶಿವಮೊಗ್ಗದಲ್ಲಿ ಸಭೆಗೆ.
ಕಂಡವಳು ಬಂಗಾರಿ ಒಬ್ಬಳೇ.
ಪೆನ್ನು ಕೊಟ್ಟೆ. ನಾಲಿಗೆ ಕಚ್ಚಿ, ಅಕ್ಷರ ಅಕ್ಷರ ಕೂಡಿಸಿ
ಸಾಕ್ಷಿಯ ಕಾಲಮ್ಮಿನಲ್ಲಿ ಹೆಸರು ಬರೆದಳು,
ಗಂಡನ ಹೆಸರು, ಊರು, ಕೇಳದಿದ್ದರೂ ಸರ್ವೆ ನಂಬರು.

ಹಿಂಬರಹ ಮಡಚಿ ಸೊಂಟಕ್ಕೆ ಸಿಕ್ಕಿಸಿ
ಮೂರೂವರೆ ಬಸ್ಸಿಗೆ ಹೋದಳು.
ಆ ಸರ್ವೆ ನಂಬರು ಪೂರ್ತಿಯಾಗಿ ಉಳಿದಿರುವ ಹಾಳೆ
ನಮ್ಮ ಕಚೇರಿಯಲ್ಲಿ ಸದ್ಯಕ್ಕೆ ಅದೊಂದೇ.