ಹದಿನೇಳನೆಯದು

ಪಟ ತಿರುಗಿಸಿ ಹಿಡಿ, ಅಂದರು.
ತಿರುಗಿಸಿದೆ.
ಈಗ ನೆಟ್ಟಗೆ ನಿಂತಿದ್ದಾರೆ ನಮ್ಮವರು,
ಒಂದಿಡೀ ಕಪ್ಪು ದ್ವೀಪವನ್ನು
ಹುಲ್ಲಿನ ಹೊರೆಯ ಹಾಗೆ ತಲೆಯ ಮೇಲೆ ಹೊತ್ತು.
ಆಕಾಶ ಅಂಗಾಲಿನ ಕೆಳಗೆ.

ಮೊದಲ ಸಲ ಮೆನೋರ್ಕ, ಆಮೇಲೆ ಟೆನೆರೀಫೆ, ಕೊನೆಗೆ ಲಾನ್ಸರೋಟೆ.
ಮೂರು ಏಪ್ರಿಲ್, ಮೂರು ರೀಲು,
ಮೂರರಲ್ಲೂ ಶೀರ್ಷಾಸನ:
ಒಂಟೆಯ ಪಕ್ಕ, ಲೈಟ್‌ಹೌಸಿನ ಪಕ್ಕ,
ತಣ್ಣಗಾದ ಜ್ವಾಲಾಮುಖಿಯ ತುಟಿಯ ಮೇಲೂ.
ಯೋಗ ಶಿಬಿರದ ಉರ್ಸುಲಾ ಇವರಿಗೆ ಟಿಕೆಟ್ ಕಳಿಸಿದ್ದಳು;
ನನಗೂ ಕಳಿಸಿದ್ದಳು, ಮೂವತ್ತು ಜನಕ್ಕೆ ಉಪ್ಪಿಟ್ಟು ಕೆದಕಲು.
ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸಿ
ಕ್ಯಾಮೆರಾ ಹಿಡಿದವಳು ನಾನು.
ಹಾಗಾಗಿ ನಾನು ಎಲ್ಲೂ ಇಲ್ಲ.

ಇವತ್ತು ಸರಸ್ವತಿಪುರಂ ಮನೆಯಲ್ಲಿ
ಎರಡೂ ಮಂಡಿಗೆ ಸ್ಟೀಲು ಕೂರಿಸಿಕೊಂಡು
ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ನೀಡಿ
‘ಇದ್ಯಾವ ಬೀಚು, ಇಂದ್ರಾಣಿ?’ ಅನ್ನುತ್ತಾರೆ.
ಹೆಸರು ನನಗೂ ಬಾರದು.
ಗಾಳಿ ಮಾತ್ರ ಗೊತ್ತು, ಸೀರೆ ಉಡಲು ಬಿಡದ ಗಾಳಿ.
ಪಿನ್ನು ಚುಚ್ಚಿದಲ್ಲೆಲ್ಲ ಹರಿದಿತ್ತು ವಾಯಿಲು.

ಇದು ನೋಡಿ, ದ್ರಾಕ್ಷಿ.
ಬೂದಿಯಲ್ಲಿ ಗುಂಡಿ ತೋಡಿ, ಗುಂಡಿಗೊಂದೇ ಬಳ್ಳಿ,
ಗಾಳಿಗೆ ಅಡ್ಡ ಅರ್ಧಚಂದ್ರದ ಕಲ್ಲುಗೋಡೆ.
ನೀರು? ಅಂತ ಕೈಸನ್ನೆ ಮಾಡಿದ್ದೆ.
ತೋಟದ ಮುದುಕ ಆಕಾಶ ತೋರಿಸಿ
ಐದೂ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದ:
ಇಬ್ಬನಿ.
ನಾನು ಪಾಂಡವಪುರದ ನಾಲೆ ಏರಿಯ ಮೇಲೆ ಬೆಳೆದವಳು.
ಊರಿಗೆ ಬಂದು ಹೇಳಿದರೆ ಅಪ್ಪ ನಗಾಡಿದ್ದ:
‘ಇಬ್ಬನೀಲಿ ಬೆಳೆ ತಗೀತರಂತೆ ಕಣ್ರಪ್ಪ,
ನಾವಿಲ್ಲಿ ತೂಬಿನತ್ರ ಗುದ್ಲಿ ಹಿಡ್ಕಂಡು ಹೊಡದಾಡ್ತಿವಿ.’

ಹದಿನೈದು. ಹದಿನಾರು.
ಹದಿನೇಳು ನಮ್ಮದಲ್ಲ.

ಯಾರದೋ ಮನೆ. ಟ್ಯೂಬ್‌ಲೈಟು. ಒಂದೇ ಮೇಣದ ಬತ್ತಿ.
ಜರಿ ಫ್ರಾಕಿನ ಮಗು ಅಳುತ್ತಿದೆ,
ಸಫಾರಿ ತೋಳೊಂದು ಅದರ ಕೈಗೆ ಚಾಕು ಹಿಡಿಸಿದೆ.
ಕೇಕಿನ ಮೇಲೆ ಹೆಸರಿನ ಬಾಲವಷ್ಟೇ ಉಳಿದಿದೆ: ಸುಮ.
ಕುಸುಮ, ಅಂದೆ ನಾನು.
ತಬಸ್ಸುಮ ಇರಬೇಕು, ಅಂದರಿವರು.
ಇಪ್ಪತ್ತಾರು ವರ್ಷದಿಂದ ಇದೇ ವಾದ.

ಅಶೋಕ ರಸ್ತೆಯ ಲ್ಯಾಬಿನ ಹುಡುಗ
ಎಣಿಸಿಯೇ ಕೊಟ್ಟಿದ್ದ, ಮೂವತ್ತಾರಕ್ಕೆ ಮೂವತ್ತಾರು.
ಮಾರನೇ ದಿನ ಹೋಗಿ ಕೇಳಿದರೆ
‘ಮದ್ವೆ ಸೀಸನ್ನು ಮೇಡಂ’ ಎಂದು ಕೈ ಆಡಿಸಿದ.

ನಮ್ಮ ಹದಿನೇಳರಲ್ಲಿ ನಾನಿದ್ದೆ.
ಪಾಪಸುಕಳ್ಳಿಯ ಮೈಮೇಲೆ
ಹಿಟ್ಟು ಉದುರಿದ ಹಾಗೆ ಬಿಳಿ ಹುಳ.
ಮುದುಕ ಒಂದನ್ನು ಅಂಗೈಯಲ್ಲಿ ಅರೆದ,
ಕೆಂಪೆಂದರೆ ಕೆಂಪು, ರೇಷ್ಮೆಗೆ ಹಿಡಿಯುವ ಕೆಂಪು.
ನನ್ನ ಕುಂಕುಮದ ಭರಣಿ ಸೂಟ್‌ಕೇಸಿನ ಸಮೇತ
ಮ್ಯಾಡ್ರಿಡ್ಡಿನಲ್ಲಿ ಕಳೆದಿತ್ತು; ಬರಿ ಹಣೆಯಲ್ಲಿ ನಾಲ್ಕು ದಿನ.
ಬೆರಳು ಅದ್ದಿ ಇಟ್ಟುಕೊಂಡೆ.
‘ಹುಳದ ರಕ್ತ ಕಣೇ!’ ಇವರು ಹೌಹಾರಿದರು.
ಮುದುಕ ಕ್ಯಾಮೆರಾ ಕಸಿದುಕೊಂಡು ಕ್ಲಿಕ್ಕೆನಿಸಿದ.
ಎಷ್ಟು ನಗುತ್ತಿದ್ದೆನೆಂದರೆ
ಉಬ್ಬುಹಲ್ಲಿಗೆ ಕೈ ಅಡ್ಡ ಹಿಡಿಯುವುದೇ ಮರೆತಿತ್ತು.

ನೆಗೆಟಿವ್ ಇತ್ತು.
ಆ ಆಗಸ್ಟಿನ ಗ್ರಹಣಕ್ಕೆ ವಠಾರದ ಹುಡುಗರು ಕೇಳಿದರು,
ಕತ್ತರಿಸಿ ಹಂಚಿದೆ, ತಲೆಗೆ ಎರಡೆರಡು ಪದರ.
ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತು
ಅವರಲ್ಲೊಬ್ಬ
ನನ್ನ ಹಸಿರು ಬೊಟ್ಟಿನೊಳಗಿಂದ
ಅಂಚು ಸವೆಯುತ್ತಿದ್ದ ಸೂರ್ಯನನ್ನು ನೋಡಿರಬೇಕು.

ಬನ್ನಿಮಂಟಪವೋ ಉದಯಗಿರಿಯೋ ಕುಂಬಾರಕೊಪ್ಪಲೋ,
ಈ ಊರಿನ ಒಂದು ಆಲ್ಬಮ್ಮಿನಲ್ಲಿ
ಕೇಕು ಕತ್ತರಿಸುವುದಕ್ಕೂ ತಿನ್ನಿಸುವುದಕ್ಕೂ ನಡುವೆ
ಕಪ್ಪು ನೆಲದ ಮೇಲೊಬ್ಬ ಸೀರೆಯವಳು ನಗುತ್ತಿದ್ದಾಳೆ.
ಬಂದವರು ಕೇಳುತ್ತಾರೆ, ಇದ್ಯಾರು?
ಯಾರೋ, ಇರಲಿ ಬಿಡಿ, ಅನ್ನುತ್ತಾಳೆ ಕುಸುಮ,
ಇಲ್ಲವೇ ತಬಸ್ಸುಮ. ಅವಳಿಗೂ ಈಗ ಇಪ್ಪತ್ತೇಳು.

ನಾವೂ ಹಾಗೇ ಅಂದಿದ್ದೇವೆ.
ಪ್ಲಾಸ್ಟಿಕ್ ಹಾಳೆಗೆ ಅಂಟಿಹೋಗಿದೆ ಮಗು,
ಕೀಳಲು ಹೋದರೆ ಮುಖವೇ ಕಿತ್ತು ಬರುತ್ತದೆ.

ಹದಿನೆಂಟು: ಶೀರ್ಷಾಸನ.
‘ತಿರುಗಿಸು,’ ಅನ್ನುತ್ತಾರೆ.